ಕಟ್ಟು ಕುಡಿಸುತ್ತಿದ್ದವನು

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಕೋಲಾರದ ಹಾಸ್ಟೆಲಿನಲ್ಲಿ ನಮಗೆ ಅಡಿಗೆ ಮಾಡುತ್ತಿದ್ದವನು ತೆಲುಗು ಸೀಮೆಯ ಗಡಿಯ ನಂಗಲಿ ಕಡೆಯವನು; ಹುಡುಗರನ್ನೆಲ್ಲ ತೆಲುಗಿನಲ್ಲಿ ‘ನಾಯ್ನಾ’, ಅಪ್ಪಾ, ಎಂದೇ ಕರೆಯುತ್ತಿದ್ದ. ಬೇಯಿಸಿದ ಸೊಪ್ಪಿನಿಂದ ಬಸಿದ ಕಟ್ಟನ್ನು ಲೋಟಕ್ಕೆ ಹುಯ್ದು, ಅದನ್ನು ಕುಡಿಯುವವರೆಗೂ ಮುದ್ದೆ ಬಡಿಸದೆ, ಸೌಟನ್ನು ಎದೆಗೆ ಒತ್ತಿಕೊಂಡು ಎದುರಿಗೇ ನಿಲ್ಲುತ್ತಿದ್ದ.

“ಸತ್ವ ಎಲ್ಲಾ ಕಟ್ಟಲ್ಲೇ ನಾಯ್ನಾ. ಸೊಪ್ಪಲ್ಲಿ ಬರೀ ನಾರು.”

“ಹಂಗಾದ್ರೆ ಸೊಪ್ಪು ಯಾಕಯ್ಯಾ ಹಾಕ್ತೀಯ?”

“ಹೊಟ್ಟೆ ತುಂಬಬೇಕಲ್ಲ. ಕುಡಿ.”

ದಿನಾ ಅದೇ ಮಾತು, ಅದೇ ಒಗರು ನೀರು. ರೋಸಿಹೋಗಿ ಮೇಲ್ವಿಚಾರಕರಿಗೆ ಹೆಸರಿಲ್ಲದ ಅರ್ಜಿ ಬರೆದೆ: ಅಡಿಗೆಯವನು ಸತ್ವವಿಲ್ಲದ ಸೊಪ್ಪನ್ನು ನಮಗೆ ಬಡಿಸುತ್ತಾನೆ, ಹಾಗೆಂದು ಅವನೇ ಹೇಳುತ್ತಾನೆ. ಅವರು ಅವನನ್ನು ಕರೆದು, “ಹಾಗಂದೆಯಾ?” ಎಂದು ಕೇಳಿದರು. ಅವನು ಹೌದೆಂದ. ಅರ್ಜಿಯನ್ನು ಅವನ ಮುಂದೆಯೇ ಎಸೆದು ಕೆಲಸದಿಂದ ಬಿಡಿಸಿದರು.

ಓದು ಬಾರದ ಅವನು ಆ ಕಾಗದ ಹಿಡಿದು ನನ್ನ ಬಳಿಗೇ ಬಂದ. “ಏನ್ ಬರೆದವ್ರೆ ಓದು ನಾಯ್ನಾ.”

ಓದಿದೆ.

“ನಾನು ಅಂದಿದ್ದೇ ಬರೆದವ್ರೆ. ಸುಳ್ಳೇನಿಲ್ಲ,” ಎಂದು ಗಂಟು ಹೊತ್ತು ಹೊರಟ.

ಆ ಕಟ್ಟನ್ನೂ ನಮಗೇ ಕುಡಿಸುತ್ತಿದ್ದ ಎಂಬುದನ್ನು ನಾನು ಬರೆದಿರಲಿಲ್ಲ. ಮೇಲ್ವಿಚಾರಕರ ಕೋಣೆ ಹತ್ತು ಹೆಜ್ಜೆ ದೂರವಿತ್ತು. ಹೋಗಿ ಹೇಳಲಿಲ್ಲ.