ಮಣ್ಣಿನ ಹಣತೆಯಲ್ಲಿ ಕಂಡ ಕಳ್ಳ

ಕಳವಾದ ಜಾಗ ನೋಡಿ ಕಳ್ಳ ಎಂಥವನೆಂದು ಹೇಳುವ ವಿದ್ಯೆಯ ಬಗ್ಗೆ ಈಗ ಪತ್ರಿಕೆಗಳಲ್ಲಿ ದೊಡ್ಡದಾಗಿ ಬರೆಯುತ್ತಾರೆ. ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ ಎಂದು ಮೊಮ್ಮಗಳು ಕೇಳುತ್ತಾಳೆ. ಬರುತ್ತದಮ್ಮ, ಯಾಕೆ ಬರುವುದಿಲ್ಲ? ನಮ್ಮ ಮನೆಗೆ ಬಂದಿದ್ದ ಇನ್ಸ್‌ಪೆಕ್ಟರು ಹೇಳಿದ ಒಂದು ಮಾತೂ ಸುಳ್ಳಾಗಲಿಲ್ಲ. ಆದರೂ ಹಾಳಾದವನು ತಪ್ಪು ಮಾಡದ ಮನುಷ್ಯ.

ಐವತ್ತರ ದಶಕದ ಮಾತು. ಚಂದಕವಾಡಿಯಿಂದ ನನ್ನನ್ನು ಗುಂಡ್ಲುಪೇಟೆ ಕಡೆಯ ಹಂಗಳಕ್ಕೆ ಕೊಟ್ಟಿದ್ದರು. ಮಿಡ್ಲ್ ಸ್ಕೂಲು ಓದಿದ ಸೊಸೆ ಎಂದು ಅತ್ತೆಗೆ ಹೆಮ್ಮೆಯೂ ಇತ್ತು, ಉರಿಯೂ ಇತ್ತು. ದೇವರ ಮನೆಯಲ್ಲಿ ಬೆಳ್ಳಿಯ ನಂದಾದೀಪ. ಅದು ಆರಿದರೆ ಮನೆಗೆ ಕೇಡು ಎಂದು ನಂಬಿದ್ದ ಜನ ನಾವು. ಹುರುಳಿ ಕೀಳುವ ದಿನ ಮನೆಮಂದಿಯೆಲ್ಲ ಹೊಲದಲ್ಲಿದ್ದೆವು. ಮೈದುನ ಮಾತ್ರ ಪೇಟೆಗೆ ಹೋಗುತ್ತೇನೆಂದು ಬೆಳಿಗ್ಗೆಯೇ ಹೊರಟಿದ್ದ. ಸಂಜೆ ಬಂದು ನೋಡಿದರೆ ಬೆಳ್ಳಿ ದೀಪ ಇಲ್ಲ. ಅದರ ಜಾಗದಲ್ಲಿ ಒಂದು ಮಣ್ಣಿನ ಹಣತೆ ಉರಿಯುತ್ತಿತ್ತು. ಕದ್ದವನು ದೀಪ ಆರಿಸಲು ಹೆದರಿ, ಹಣತೆಗೆ ಎಣ್ಣೆ ಬತ್ತಿ ಹಾಕಿ, ಅದೇ ಉರಿಯಿಂದ ಹಚ್ಚಿಟ್ಟು ಹೋಗಿದ್ದ.

ಇನ್ಸ್‌ಪೆಕ್ಟರು ಮೆತ್ತಗಿನ ಮನುಷ್ಯ. ಬೂಟು ಬಿಚ್ಚಿಟ್ಟು ಒಳಗೆ ಬಂದು, ಹಿತ್ತಿಲ ಬಾಗಿಲಿನ ಅಗುಳಿ ನೋಡಿದರು, ಹಣತೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಜಗಲಿಯ ಮೇಲೆ ಕೂತು ಮಾವನವರಿಗೆ ಹೇಳಿದರು: "ಇವನು ಹೊರಗಿನ ಕಳ್ಳ ಅಲ್ಲ ಗೌಡ್ರೆ. ಮನೆ ಬಳಕೆ ಇರೋನು. ಸಂದಿಯಲ್ಲಿ ಕಡ್ಡಿ ತೂರಿಸಿ ಅಗುಳಿ ಎತ್ತೋದು ಬಲ್ಲ. ದೇವರಿಗೆ ಹೆದರ್ತಾನೆ. ಏನೋ ಇಕ್ಕಟ್ಟಿಗೆ ಸಿಕ್ಕೊಂಡಿದ್ದಾನೆ, ಕಸುಬಿನ ಕಳ್ಳ ಅಲ್ಲ."

ಮಾತು ಮುಗಿಯುವುದರೊಳಗೆ ಜಗಲಿಯಲ್ಲಿದ್ದವರೆಲ್ಲ ನಮ್ಮ ಆಳಿನ ಹೆಸರು ಹೇಳಿದರು. ಮನೆ ಬಳಕೆ, ಹೌದು. ಕೊಟ್ಟಿಗೆ ಕಡೆಯ ಆ ಬಾಗಿಲಿಗೆ ಅಗುಳಿ ಕೂರಿಸಿದ್ದೇ ಅವನು. ಕಳವಾದ ದಿನ ನಡುವೆ ಒಮ್ಮೆ ಹುರುಳಿ ತುಂಬಿದ ಗಾಡಿ ಹೊಡೆದುಕೊಂಡು ಮನೆ ಕಡೆ ಬಂದಿದ್ದವನೂ ಅವನೇ. ಇನ್ನೇನು ಬೇಕು? ಅವನನ್ನು ಜೀಪಿನಲ್ಲಿ ಕರೆದುಕೊಂಡು ಹೋದರು.

ಆ ರಾತ್ರಿ ಅನ್ನ ಬಡಿಸುತ್ತಿದ್ದಾಗ ನನಗೆ ಹೊಳೆಯಿತು. ಹಣತೆಗಳನ್ನು ನಾವು ಇಡುತ್ತಿದ್ದದ್ದು ಅಡಿಗೆ ಮನೆಯ ಅಟ್ಟದ ಮೇಲೆ, ಹಳೇ ಗುಡಾಣದೊಳಗೆ. ಆ ಆಳು ವರ್ಷಗಟ್ಟಲೆ ದುಡಿದರೂ ಅವನನ್ನು ಕೊಟ್ಟಿಗೆಯಿಂದ ಈಚೆಗೆ ಬಿಟ್ಟುಕೊಂಡವರಲ್ಲ ನಾವು. ಅವನಿಗೆ ನೀರನ್ನೂ ಮೇಲಿಂದ ಹೊಯ್ಯುತ್ತಿದ್ದ ಮನೆ ಅದು. ಅಟ್ಟ ಹತ್ತಿ ಹಣತೆ ತೆಗೆಯುವುದು ಅವನಿಗೆ ಎಲ್ಲಿಂದ ತಿಳಿಯಬೇಕು? ಇದನ್ನು ನಾನು ಅತ್ತೆಗೆ ಹೇಳಿದೆ, ಜಗಲಿಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ಮಾವನವರು ಊಟದ ಮುಂದಿನಿಂದ ಎದ್ದುಬಿಟ್ಟರು. ಮೈದುನ ತಲೆ ಎತ್ತಲಿಲ್ಲ. ಪೇಟೆಯಲ್ಲಿ ಇಸ್ಪೀಟಿನ ಚಟ ಹತ್ತಿಸಿಕೊಂಡಿದ್ದ, ದೀಪ ತೆಗೆದದ್ದು ತಾನೇ ಎಂದು ಅಪ್ಪನ ಮುಂದೆ ಅವತ್ತೇ ಒಪ್ಪಿಕೊಂಡನಂತೆ.

ಅತ್ತೆ ನನ್ನ ಕೈ ಹಿಡಿದುಕೊಂಡು, "ಅವನ್ನ ಎತ್ತ ಒಟ್ಟೆ ಕಣಮ್ಮಿ ಇದು. ಇನ್ನು ಯಾರ್ ಮುಂದೂ ಬಾಯ್ಬುಡ್ಬ್ಯಾಡ" ಎಂದು ಅತ್ತರು. ಅವರ ಮೇಲೆ ಸಿಟ್ಟು ಬಂತು, ಅಷ್ಟೇ ಅಯ್ಯೋ ಅನ್ನಿಸಿತು.

ಮರುದಿನ ಇನ್ಸ್‌ಪೆಕ್ಟರು ಬಂದಾಗ ಮಾವನವರು ಅಂದರು: "ಓದದ್ದು ಓಯ್ತು, ಬುಟ್ಬುಡಿ ಸ್ವಾಮಿ. ಪಾಪ, ಅವ್ನೂ ಮಕ್ಕಳೊಂದಿಗ."

ಎಂಥ ದೊಡ್ಡ ಮನಸ್ಸು ಎಂದು ಊರೆಲ್ಲ ಹೊಗಳಿತು. ಇನ್ಸ್‌ಪೆಕ್ಟರು ಹೊಗಳಲಿಲ್ಲ. ಬೂಟು ಹಾಕಿಕೊಳ್ಳುತ್ತಾ, "ಎಂಥವನು ಅಂತ ನಾನು ಹೇಳಿದೆ ಗೌಡ್ರೆ. ಯಾರು ಅಂತ ಹೇಳಿದವರು ನೀವು" ಎಂದರು. ಅವರಿಗೂ ಗೊತ್ತಾಗಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ದೂರು ಕೊಟ್ಟವರೇ ಬೇಡವೆಂದ ಮೇಲೆ ಅವರೂ ಸುಮ್ಮನಾದರು.

ಆಳು ಬಿಡುಗಡೆಯಾಗಿ ಬಂದ. ಬಂದದ್ದು ಮಾತ್ರ ಕ್ಷಮೆ ಪಡೆದ ಕಳ್ಳನಾಗಿ. ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಅವನು ಬರುತ್ತಿದ್ದರೆ ಹೆಂಗಸರು ಒಣಹಾಕಿದ ಪಾತ್ರೆ ಒಳಗಿಡುತ್ತಿದ್ದರು. ಕೊನೆಗೆ ಬಂಡೀಪುರದ ಕಾಡು ದಾಟಿ ಗೂಡಲೂರಿನ ಟೀ ತೋಟಕ್ಕೆ ಸಂಸಾರ ಸಮೇತ ಹೊರಟುಹೋಗುತ್ತಾನೆಂದು ಸುದ್ದಿ ಬಂತು.

ಅತ್ತೆ ಮಲಗಿದ್ದ ಹೊತ್ತು ನೋಡಿ ಆಳಿನ ಕೇರಿಗೆ ಹೋದೆ. ಅವನ ಹೆಂಡತಿ ಚಾಪೆ ಸುತ್ತುತ್ತಿದ್ದಳು. ಅವನು ಕದ್ದಿಲ್ಲ, ನನಗೆ ಗೊತ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಒಂದೇ ಉಸಿರಿಗೆ ಹೇಳಿದೆ. ಹೇಳಿದ್ದಕ್ಕೆ ಎದೆ ಹಗುರವಾದಂತೆಯೂ ಆಯಿತು.

ಅವಳು ಚಾಪೆಗೆ ಹಗ್ಗ ಬಿಗಿದಳು. ಆಮೇಲೆ ಸಿಟ್ಟಿಲ್ಲದೆ ಕೇಳಿದಳು:

"ಅವ ಕದ್ದಿಲ್ಲ ಅಂತ ನಂಗೊತ್ತಿಲ್ವಾ ಚಿಕ್ಕವ್ವಾ? ಅದ ನಂಗ್ಯಾಕ್ ಏಳಕ್ಕ್ ಬಂದ್ರಿ?"