ಟಾರ್ಚಕ್ಕ ಮತ್ತು ಹನ್ನೊಂದು ಡಯಲ್ಲುಗಳು

ಟಾರ್ಚಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ, ಅದನ್ನು ಕಟ್ಟಿಕೊಂಡು ಯಾರಿಗೇನಾಗಬೇಕು? ಇಪ್ಪತ್ತಾರು ವರ್ಷ ಟಾರ್ಚು ಹಿಡಿದು ಊರಿನ ಕರೆಂಟು ಕೋಣೆಗಳನ್ನೆಲ್ಲ ಹೊಕ್ಕು ಬಂದವಳನ್ನು ಜನ ಇನ್ನೇನಂತ ಕರೆಯಬೇಕು? ಕಾರ್ಖಾನೆ, ಆಸ್ಪತ್ರೆ, ನೀರಿನ ಪಂಪ್‌ಹೌಸು, ಎಲ್ಲಿ ಆಳೆತ್ತರದ ಪ್ಯಾನೆಲ್ಲುಗಳಿವೆಯೋ ಅಲ್ಲಿಗೆ ಅವಳು ಹೋಗಬೇಕು. ಟ್ರಾನ್ಸ್‌ಫಾರ್ಮರಿನ ತಗಡಿನ ಮೇಲೆ ಏನು ಬರೆದಿದೆ, ಕೇಬಲ್ಲು ಎಷ್ಟು ದಪ್ಪ, ಎಷ್ಟು ಉದ್ದ, ಬ್ರೇಕರಿನ ಡಯಲ್ಲು ಯಾವ ಅಂಕಿಯ ಮೇಲೆ ನಿಂತಿದೆ, ಎಲ್ಲವನ್ನೂ ಕುಕ್ಕುರುಗಾಲಲ್ಲಿ ಕೂತೋ ನೆಲದ ಮೇಲೆ ಅಂಗಾತ ಮಲಗಿಯೋ ಓದಿ ನೋಟ್‌ಬುಕ್ಕಿಗೆ ಇಳಿಸಬೇಕು. ಆಫೀಸಿನ ಇಂಜಿನಿಯರು ಅದನ್ನು ಕಂಪ್ಯೂಟರಿಗೆ ಹಾಕಿ ಲೆಕ್ಕ ಮಾಡುತ್ತಾನೆ: ಈ ಪ್ಯಾನೆಲ್ಲಿನಲ್ಲಿ ಕಿಡಿ ಸಿಡಿದರೆ ಎಷ್ಟು ಬೆಂಕಿ ಹೊರಗೆ ಹಾರುತ್ತದೆ, ಮನುಷ್ಯ ಎಷ್ಟು ದೂರ ನಿಲ್ಲಬೇಕು, ಎಂಥ ಕೋಟು ತೊಡಬೇಕು. ಆ ಲೆಕ್ಕ ಸ್ಟಿಕ್ಕರಾಗಿ ಪ್ಯಾನೆಲ್ಲಿನ ಬಾಗಿಲಿಗೆ ಅಂಟುತ್ತದೆ. ಬಾಗಿಲು ತೆಗೆಯುವ ಎಲೆಕ್ಟ್ರಿಷಿಯನ್ನು ಅದನ್ನೇ ನಂಬಿ ಕೈ ಹಾಕುತ್ತಾನೆ.

ಅವಳ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಇರದೆ ಏನು ಮಾಡೀತು? ಒಂದು ಕಾರ್ಖಾನೆಯಲ್ಲಿ ಯಾರೋ ದೊಡ್ಡವರು ಬರುತ್ತಾರೆಂದು ಪ್ಯಾನೆಲ್ಲುಗಳಿಗೆಲ್ಲ ಬೂದು ಬಣ್ಣ ಬಳಿದಿದ್ದರು, ಹೆಸರಿನ ತಗಡು, ಎಚ್ಚರಿಕೆಯ ಸ್ಟಿಕ್ಕರು, ಒಂದು ಹಲ್ಲಿ ಸಮೇತ. "ಏನೋ ಒಂದು ಅಂದಾಜು ಬರ್ಕೊಳ್ಳಿ ಮೇಡಂ" ಎಂದು ಅಲ್ಲಿಯ ಮ್ಯಾನೇಜರು ಹಲ್ಲು ಕಿರಿದ. "ಅಂದಾಜು ಬರೆಯೋದಾಗಿದ್ರೆ ಮನೇಲೇ ಕಾಲು ಚಾಚಿಕೊಂಡು ಬರೀತಿದ್ದೆ, ಇಲ್ಲಿ ತನಕ ಯಾಕೆ ಬರ್ಬೇಕಿತ್ತು ಸಾರ್?" ಎಂದವಳೇ ಎರಡು ದಿನ ಕೂತು ಬಣ್ಣ ಕೆರೆದಳು. ಹಲ್ಲಿಯನ್ನೂ ಬಿಡಿಸಿದಳು, ಪಾಪ, ಅದು ಬದುಕಲಿಲ್ಲ.

ಇಂಥವಳ ಪಾಲಿಗೆ ಬಂದದ್ದು ಆ ಸರ್ಕಾರಿ ಆಸ್ಪತ್ರೆ. ಅಲ್ಲಿಯ ಎಲೆಕ್ಟ್ರಿಷಿಯನ್ನು ಅವಳ ಸ್ವಂತ ತಮ್ಮ. ಅಪ್ಪ ಹೋದ ಮೇಲೆ ಅವಳೇ ಓದಿಸಿ ದಾರಿಗೆ ಹಚ್ಚಿದವನು. ಒಂಬತ್ತು ವರ್ಷದಿಂದ ಗುತ್ತಿಗೆಯ ಕೆಲಸ, ಇವತ್ತು ಬೇಡ ಅಂದರೆ ನಾಳೆ ಇಲ್ಲ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ಹಾಸಿಗೆ ಹಿಡಿದ ಮಾವ. "ತಮ್ಮನೇ ಇದ್ದಾನಲ್ಲಮ್ಮ, ಎಲ್ಲ ಬಾಗಿಲೂ ತೆಗೀತಾನೆ, ಹೂವೆತ್ತಿದ ಹಾಗೆ ಕೆಲಸ ಆಗುತ್ತೆ" ಎಂದರು ಅವಳ ಆಫೀಸಿನ ಯಜಮಾನರು.

ನಿಜಕ್ಕೂ ಹಾಗೇ ಆಯಿತು. ಎರಡು ದಿನ ಅಕ್ಕ ತಮ್ಮ ನೆಲಮಾಳಿಗೆಯಿಂದ ತಾರಸಿಯವರೆಗೆ ಓಡಾಡಿದರು. ಎಲ್ಲ ಡಯಲ್ಲುಗಳೂ, ಯಾವುದು ಎಷ್ಟರಲ್ಲಿರಬೇಕೆಂದು ಮಂಜೂರಾದ ಪಟ್ಟಿಯಲ್ಲಿ ಹೇಗಿದೆಯೋ ಹಾಗೆ, ಒಂದು ಗೆರೆ ಆಚೀಚೆ ಇಲ್ಲ. ಅದೇ ಅವಳಿಗೆ ಕಿರಿಕಿರಿಯಾಯಿತು. ಇಪ್ಪತ್ತಾರು ವರ್ಷದಲ್ಲಿ ಪಟ್ಟಿಯೂ ಪ್ಯಾನೆಲ್ಲೂ ಹೀಗೆ ಒಂದಕ್ಕೊಂದು ಹೊಂದಿದ ಕಟ್ಟಡವನ್ನು ಅವಳು ಕಂಡಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬಟ್ಟೆ ಒಗೆಯುವ ವಿಭಾಗ. ಒದ್ದೆ ನೆಲ, ಹಬೆ, ಸೋಪಿನ ಘಾಟು. ಗೋಡೆಗೆ ಪ್ಯಾನೆಲ್ಲು, ಅದರಿಂದ ಎರಡು ಹೆಜ್ಜೆಗೆ ಇಸ್ತ್ರಿ ಮಾಡುವ ಉದ್ದನೆಯ ಮೇಜು. ಟಾರ್ಚು ಬಿಟ್ಟು ನೋಡಿದರೆ ಬ್ರೇಕರಿನ ಮೇಲೆಲ್ಲ ಬಟ್ಟೆಯ ನೂಲುಧೂಳು, ಆದರೆ ಡಯಲ್ಲಿನ ತಿರುಪಿನ ಬಾಯಲ್ಲಿ ಮಾತ್ರ ಹೊಸ ಗೀರು, ಫಳಫಳ ಹೊಳೆಯುತ್ತಿದೆ.

"ಇದನ್ನ ಯಾವಾಗ ತಿರುಗಿಸಿದ್ದು?"

"ನಾನೆಲ್ಲಿ ತಿರುಗಿಸಿದೆ? ನಾಲ್ಕು. ಪಟ್ಟೀಲೂ ನಾಲ್ಕೇ ಇದೆ ನೋಡು" ಎಂದ ತಮ್ಮ, ಮುಖ ಕೊಡದೆ.

ಅವಳು ಅವನ ಜೊತೆ ಮಾತು ಬೆಳೆಸಲಿಲ್ಲ. ಬಟ್ಟೆಯ ಗುಡ್ಡದ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಹಿರಿಯ ಕೆಲಸದವಳನ್ನು ಕೇಳಿದಳು: "ಅಮ್ಮಾ, ದೊಡ್ಡ ಮೆಷಿನ್ನು ಎರಡನ್ನೂ ಒಟ್ಟಿಗೆ ಹಾಕಿ ನೋಡೋಣ."

"ಅಯ್ಯೋ, ಎಲ್ಲಿ ಹಾಕೋದು? ನೀವು ಹೋಗೋ ತನಕ ಒಂದೊಂದೇ ಓಡಿಸಿ ಅಂದ್ಬಿಟ್ಟಿದಾರೆ ನಿಮ್ಮ ತಮ್ಮ. ಮೂರು ದಿನದಿಂದ ಬಟ್ಟೆ ಬೆಟ್ಟದ ಹಾಗೆ ಬಿದ್ದಿದೆ. ನೀವು ಯಾವಾಗ ಹೊರಡ್ತೀರ ಹೇಳಿ, ಪುಣ್ಯ ಬರುತ್ತೆ."

ಎರಡನ್ನೂ ಹಾಕಿಸಿದಳು. ಎರಡನೆಯ ಮೆಷಿನ್ನು ಗುರ್ ಎನ್ನುವುದರೊಳಗೆ ಬ್ರೇಕರು ಫಟ್ ಎಂದು ಬಿತ್ತು. ದೀಪ, ಫ್ಯಾನು, ಎಲ್ಲ ಠಪ್. ತಮ್ಮ ಗೋಡೆಗೆ ಒರಗಿ ಕೂತುಬಿಟ್ಟ.

"ಎಷ್ಟರಲ್ಲಿತ್ತು?"

"ಹತ್ತರಲ್ಲಿ."

"ಎಷ್ಟು ದಿನದಿಂದ?"

"ಎರಡು ವರ್ಷ. ಇದೊಂದೇ ಅಲ್ಲ ಅಕ್ಕ. ಹನ್ನೊಂದು ಇವೆ."

ಟಾರ್ಚಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಡಯಲ್ಲು ನಾಲ್ಕರಲ್ಲಿದ್ದರೆ ಕಿಡಿ ಸಿಡಿದ ಕ್ಷಣವೇ ಬ್ರೇಕರು ಕರೆಂಟು ಕಡಿಯುತ್ತದೆ. ಹತ್ತರಲ್ಲಿದ್ದರೆ ಇರಲಿ ನೋಡೋಣ ಎಂದು ಕಾಯುತ್ತದೆ, ಅಷ್ಟರಲ್ಲಿ ಎದುರು ನಿಂತವನ ಮುಖ, ಎದೆ, ಕೈ ಬೆಂದಿರುತ್ತದೆ. ಇದನ್ನು ಅವನಿಗೆ ಕಲಿಸಿದವಳು ಅವಳೇ. "ಲೋ, ಯಾರ ಕಣ್ಣಿಗೆ ಮಣ್ಣೆರಚೋಕೆ ಹೊರಟಿದ್ದೆ ನೀನು? ನನ್ನ ಕಣ್ಣಿಗಾ? ಈ ಪ್ಯಾನೆಲ್ಲಿನ ಬಾಗಿಲು ದಿನಾ ತೆಗೆಯೋನು ಯಾರು, ನಾನಾ?"

ಆಗ ಅವನು ಬಾಯಿಬಿಟ್ಟ. ಮೆಷಿನ್ನುಗಳು ಹೊಸದಾಗಿ ಬಂದಾಗಿನಿಂದ ಬ್ರೇಕರು ಬೀಳುತ್ತಿತ್ತು. ಹಳೇ ಕೇಬಲ್ಲು ಸಾಲದು, ಬೇರೆ ಲೈನು ಎಳೆಸಿ ಎಂದು ಮೂರು ಸಲ ಅರ್ಜಿ ಬರೆದುಕೊಟ್ಟ. ಮೂರರ ಮೇಲೂ "ಗಮನಿಸಲಾಗಿದೆ" ಎಂದು ಸಹಿ ಬಿತ್ತು, ಲೈನು ಬರಲಿಲ್ಲ. ಕೊನೆಗೆ ಆಡಳಿತಾಧಿಕಾರಿ ಒಗೆಯುವ ವಿಭಾಗಕ್ಕೇ ಬಂದು ಎಲ್ಲರೆದುರು ಹೇಳಿದನಂತೆ: "ಇನ್ನೊಂದು ಸಲ ಅದು ಟ್ರಿಪ್ ಆದ್ರೆ ನೀನೂ ಟ್ರಿಪ್ ಆಗ್ತೀಯ." ಎಲ್ಲರೂ ನಕ್ಕರಂತೆ. ಎಂಥಾ ಹಾಸ್ಯ ನೋಡಿ! ಅವತ್ತೇ ತಮ್ಮ ಸ್ಕ್ರೂಡ್ರೈವರು ತೆಗೆದುಕೊಂಡು ಹೋಗಿ ಡಯಲ್ಲು ತಿರುಗಿಸಿದ. ಆಮೇಲೆ ಬ್ರೇಕರು ಎಲ್ಲೆಲ್ಲಿ ಬಿತ್ತೋ ಅಲ್ಲೆಲ್ಲ ಅದನ್ನೇ ಮಾಡಿದ. ಅಕ್ಕ ಬರುತ್ತಾಳೆಂದು ತಿಳಿದ ಮೇಲೆ ಹನ್ನೊಂದನ್ನೂ ಕೆಳಗಿಳಿಸಿದ. ಅವಳು ಹೋದ ಮೇಲೆ ಮತ್ತೆ ಏರಿಸುವುದಿತ್ತು.

ಟಾರ್ಚಕ್ಕ ನೆಟ್ಟಗೆ ಆಡಳಿತಾಧಿಕಾರಿಯ ಕೋಣೆಗೆ ಹೋದಳು. ಅವನು ಬಹಳ ಮರ್ಯಾದಸ್ತ, ಕೂರಿಸಿ ಕುಡಿಯಲು ನೀರು ತರಿಸಿದ.

"ನಾಲ್ಕು ಅಂತ ಬರೆದ್ರೆ ಸುಳ್ಳೇನಲ್ವಲ್ಲಮ್ಮ. ಈಗ ಅದು ನಾಲ್ಕರಲ್ಲೇ ಇದೆ."

"ನಾನು ಗೇಟು ದಾಟಿದ ಮೇಲೆ ಎಷ್ಟರಲ್ಲಿರುತ್ತೆ ಸಾರ್?"

"ಅದು ನಿಮ್ಮ ಕೆಲಸ ಅಲ್ಲ. ನಮಗೆ ಬೇಕಾಗಿರೋದು ಒಂದು ವರದಿ, ಒಂದು ಸರ್ಟಿಫಿಕೇಟು. ಹತ್ತು ಅಂತ ಬರೆದ್ರೆ ತಿರುಗಿಸಿದ್ದು ಯಾರು ಅನ್ನೋ ಪ್ರಶ್ನೆ ಬರುತ್ತೆ. ಒಡಹುಟ್ಟಿದವನು, ಯೋಚನೆ ಮಾಡಿ."

ಅವಳು ನೀರು ಮುಟ್ಟದೆ ಎದ್ದು ಬಂದಳು. ತಮ್ಮನ ಹೊಟ್ಟೆಯ ಮೇಲೆ ಹೊಡೆಯುತ್ತೇನೆ ಎಂದು ಇಷ್ಟು ನಯವಾಗಿ ಹೇಳುವುದನ್ನು ಇವರು ಎಲ್ಲಿ ಕಲಿಯುತ್ತಾರೋ!

ತಮ್ಮ ಮೆಟ್ಟಿಲ ಹತ್ತಿರ ಕಾಯುತ್ತಿದ್ದ. "ನಾಲ್ಕು ಅಂತಲೇ ಬರಿ ಅಕ್ಕ, ಕೈ ಮುಗೀತೀನಿ. ಎರಡು ವರ್ಷದಲ್ಲಿ ಏನೂ ಆಗಿಲ್ಲ."

"ಆಗೋದು ಒಂದೇ ಸಲ ಕಣೋ. ಸ್ಟಿಕ್ಕರಲ್ಲಿ ಮಾಮೂಲಿ ಅಂಗಿ ಸಾಕು ಅಂತ ಇರುತ್ತೆ. ನೀನು ಮಾಮೂಲಿ ಅಂಗೀಲಿ ನಿಂತಿರ್ತೀಯ. ಆ ಸುಳ್ಳನ್ನ ಬರೆದ ಕೈ ನಂದಾಗಿರುತ್ತೆ. ನಾಳೆ ನಿನ್ನ ಮಕ್ಕಳ ಮುಂದೆ ನಿಂತು ಏನು ಹೇಳ್ಲಿ? ನಿಮ್ಮಪ್ಪ ಬರಿ ಅಂದ, ಬರೆದೆ ಅಂತಾನಾ?"

ಅವನು ಅತ್ತ. ಅವಳಿಗೂ ಅಳು ಬಂತು, ಅಳುತ್ತಲೇ ಬರೆದಳು. ಕಂಡದ್ದು ನಾಲ್ಕು, ಎರಡು ವರ್ಷ ಇದ್ದದ್ದು ಹತ್ತು. ತಿರುಗಿಸಿದ್ದು ಎಲೆಕ್ಟ್ರಿಷಿಯನ್. ಅವನು ತಿರುಗಿಸಿದ್ದು ಕೆಲಸದಿಂದ ತೆಗೆಯುವುದಾಗಿ ಆಡಳಿತಾಧಿಕಾರಿ ಹೆದರಿಸಿದ್ದರಿಂದ. ಬೇರೆ ಲೈನು ಕೇಳಿದ ಮೂರು ಅರ್ಜಿಗಳ ನಕಲು ಲಗತ್ತಿಸಿದೆ. "ನಿನ್ನ ಜೊತೆ ನಮಗೂ ಗ್ರಹಚಾರ" ಎಂದು ಗೊಣಗುತ್ತಲೇ ಯಜಮಾನರು ಮೊಹರು ಒತ್ತಿದರು. ಅವಳ ನೋಟ್‌ಬುಕ್ಕು ಇದುವರೆಗೆ ತಪ್ಪಿದ್ದಿಲ್ಲವೆಂದು ಅವರಿಗೆ ಗೊತ್ತಿತ್ತು.

ಹೊಸ ಲೈನಿಲ್ಲದೆ ಡಯಲ್ಲು ಮತ್ತೆ ಏರುವುದೇ ಎಂದು ಹತ್ತರ ಲೆಕ್ಕದಲ್ಲೇ ಹನ್ನೊಂದು ಪ್ಯಾನೆಲ್ಲುಗಳಿಗೂ ಕೆಂಪು ಸ್ಟಿಕ್ಕರು ಬಿತ್ತು. ಒಗೆಯುವ ವಿಭಾಗದ ಹಿರಿಯಳು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು: ಪ್ರಾಣಾಪಾಯ, ಕರೆಂಟು ಇರುವಾಗ ತೆರೆಯಬೇಡಿ, ದೂರ ನಿಲ್ಲಿ. ಇಸ್ತ್ರಿ ಮೇಜನ್ನು ನೋಡಿದಳು, ಪ್ಯಾನೆಲ್ಲನ್ನು ನೋಡಿದಳು. "ಇಷ್ಟು ದಿನ ನಮ್ಮನ್ನ ಇದರ ಬಾಯಿಗೆ ಬೆನ್ನು ಕೊಟ್ಟು ನಿಲ್ಲಿಸಿದ್ರಾ, ಇವರ ಮನೆ ಹಾಳಾಗ!" ಎಂದಳು. ಅಲ್ಲಿ ಕೆಲಸ ಮಾಡುವ ಏಳು ಜನ ಹೆಂಗಸರೂ ಹೊರಗೆ ಬಂದು ಕೂತರು. ಜಪ್ಪಯ್ಯ ಅಂದರೂ ಒಳಗೆ ಕಾಲಿಡಲಿಲ್ಲ. ಎರಡನೆಯ ದಿನ ವಾರ್ಡುಗಳಲ್ಲಿ ಹೊದಿಕೆಯಿಲ್ಲ, ಮೂರನೆಯ ದಿನ ಆಪರೇಷನ್ನಿಗೆ ಬಟ್ಟೆಯಿಲ್ಲ. ಡಾಕ್ಟರುಗಳು ಆಡಳಿತಾಧಿಕಾರಿಯ ಕೋಣೆಗೆ ನುಗ್ಗಿ ಕೂಗಾಡಿದರು. ಎರಡು ವರ್ಷ ಮೂರು ಅರ್ಜಿಗೆ ಬಾರದ ಲೈನು ನಾಲ್ಕೇ ದಿನದಲ್ಲಿ ಬಂತು! ಡಯಲ್ಲು ನಾಲ್ಕರಲ್ಲೇ ನಿಂತಿತು, ಎರಡು ಮೆಷಿನ್ನೂ ಒಟ್ಟಿಗೆ ಓಡಿದವು, ಬ್ರೇಕರು ಬೀಳಲಿಲ್ಲ. ಉಳಿದ ಹತ್ತು ಪ್ಯಾನೆಲ್ಲುಗಳನ್ನೂ ಅದೇ ತಿಂಗಳು ಸರಿಮಾಡಿದರು.

ತಮ್ಮನನ್ನು ಮಾತ್ರ ತೆಗೆದುಹಾಕಿದರು. ಕೈಗೆ ಕೊಟ್ಟ ಕಾಗದದಲ್ಲಿ ಬರೆದಿತ್ತು: ಸುರಕ್ಷತಾ ಉಪಕರಣಗಳನ್ನು ತಿದ್ದಿದ ತಪ್ಪು, ಆಧಾರ ಸಮೀಕ್ಷಾ ವರದಿಯ ಪುಟ ಮೂವತ್ತೆರಡು. ಅದು ಟಾರ್ಚಕ್ಕ ಬರೆದ ಪುಟ.

ಅವಳು ಆ ಕಾಗದ ಹಿಡಿದು ಮತ್ತೆ ಅದೇ ಕೋಣೆಗೆ ನುಗ್ಗಿದಳು. "ಮೊದಲ ಎರಡು ಸಾಲು ಓದೋಕೆ ಬಂತು ನಿಮಗೆ. ಮೂರನೇದು ಓದೋ ಹೊತ್ತಿಗೆ ಕಣ್ಣು ಮಂಜಾಯ್ತಾ ಸಾರ್?"

"ನಾನು ಹೆದರಿಸಿದೆ ಅನ್ನೋದಕ್ಕೆ ದಾಖಲೆ ಇಲ್ಲಮ್ಮ. ಅವನು ತಿರುಗಿಸಿದ ಅನ್ನೋದಕ್ಕೆ ಇದೆ. ನೀವೇ ಬರೆದಿದ್ದೀರಲ್ಲ" ಎಂದ ಅವನು, ಅದೇ ಮರ್ಯಾದೆಯಿಂದ.

ಅವತ್ತು ಅವಳು ಅವನಿಗೆ ಏನೇನು ಅಂದಳು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಕಾರಿಡಾರಿನ ಕೊನೆಯವರೆಗೆ ಕೇಳಿಸಿತಂತೆ. ಏಳು ಜನ ಹೆಂಗಸರೂ ಅವನ ಬೆದರಿಕೆಯ ಮಾತನ್ನು ನಾವೇ ಕಿವಿಯಾರೆ ಕೇಳಿದ್ದೇವೆ ಎಂದು ಸಹಿ ಹಾಕಿಕೊಟ್ಟರು. ದೂರು ಮೇಲಕ್ಕೆ ಹೋಯಿತು, ವಿಚಾರಣೆ ನಡೆಯುತ್ತಿದೆ ಎಂಬ ಉತ್ತರ ಕೆಳಕ್ಕೆ ಬಂತು. ಈಗಲೂ ನಡೆಯುತ್ತಲೇ ಇದೆ, ಅದ್ಯಾವ ಊರಿಗೆ ನಡೆದುಕೊಂಡು ಹೊರಟಿದೆಯೋ.

ನಾಲ್ಕು ತಿಂಗಳು ತಮ್ಮ ಅವಳ ಫೋನು ತೆಗೆಯಲಿಲ್ಲ. ಮನೆಗೆ ಹೋದರೆ ಅವನ ಹೆಂಡತಿ ಬಾಗಿಲಲ್ಲೇ ನಿಂತು "ನಿಮ್ಮ ಸತ್ಯ ನಿಮ್ಮ ಹತ್ರಾನೇ ಇಟ್ಕೊಳ್ಳಿ ಅತ್ತಿಗೆ, ನಮಗೆ ಅದರಿಂದ ಹೊಟ್ಟೆ ತುಂಬಲ್ಲ" ಎಂದಳು. ಟಾರ್ಚಕ್ಕ ವಾಪಸು ಬಂದಳು. ತಮ್ಮನ ಹೆಂಡತಿ ಹೇಳಿದ್ದರಲ್ಲಿ ಸುಳ್ಳೇನಿತ್ತು? ತಮ್ಮ ಬದುಕಿದ್ದಾನೆ, ಮೈಮೇಲೆ ಒಂದು ಸುಟ್ಟ ಕಲೆಯಿಲ್ಲ ಎಂದು ತನಗೆ ತಾನೇ ಎಷ್ಟು ಸಮಾಧಾನ ಹೇಳಿಕೊಂಡರೂ ಅವಳಿಗೆ ಊಟ ಸೇರುತ್ತಿರಲಿಲ್ಲ.

ಐದನೆಯ ತಿಂಗಳು ಒಂದು ಮಧ್ಯಾಹ್ನ ಅವನೇ ಫೋನು ಮಾಡಿದ. ಹಿಂದೆ ಮೆಷಿನ್ನುಗಳ ಗದ್ದಲ.

"ಅಕ್ಕ, ಬಿಸ್ಕತ್ತು ಫ್ಯಾಕ್ಟರೀಲಿ ಕೆಲಸ ಸಿಕ್ತು. ಇವತ್ತೇ ಮೊದಲನೇ ದಿನ."

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

"ಆರು ಪ್ಯಾನೆಲ್ಲಿವೆ. ಆರೂ ಡಯಲ್ಲೂ ಮೇಲಿನ ತುದೀಲಿವೆ. ಟ್ರಿಪ್ ಆಗಬಾರದು, ಅಷ್ಟು ನೋಡ್ಕೊಂಡ್ರೆ ಸಾಕು ಅಂದ್ರು ಮ್ಯಾನೇಜರು."

"ನೀನೇನಂದೆ?"

"ಅದನ್ನೇ ಬರೆದು ಕೊಡಿ ಸಾರ್ ಅಂದೆ. ಮುಖ ಗಂಟಿಕ್ಕಿಕೊಂಡು ಹೋದ್ರು. ಇವತ್ತು ಸಂಜೆಗೇ ಮನೆಗೆ ಕಳಿಸಿದ್ರೂ ಕಳಿಸಿದ್ರೇ." ಅವನು ದನಿ ತಗ್ಗಿಸಿದ. "ನಾನು ಒಂದನ್ನೂ ಮುಟ್ಟಿಲ್ಲ ಅಕ್ಕ. ಎಲ್ಲ ಇದ್ದ ಹಾಗೇ ಇವೆ. ಬೇಗ ಬಂದು ನೋಡು."