ಮಾವನ ಸೊಂಟ, ಮಾಲೀಸಿನ ದಾರಿ

ಈ ಪ್ರವಾಸಕ್ಕೆ ಕಾರಣ ನನ್ನ ದಡ್ಡತನ. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ಯಾರೂ ನನ್ನನ್ನು ಬೈಯಲು ಶ್ರಮಪಡಬೇಕಾಗಿಲ್ಲ. ಸೇಡಂನಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಉಳಿದ ಹೊತ್ತಿನಲ್ಲಿ ಶಾಲೆಯ ಗ್ಯಾದರಿಂಗು, ಮದುವೆ ರಿಸೆಪ್ಶನ್ನುಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಕಂಡಕ್ಟರ್, ತಹಶೀಲ್ದಾರ್, ಮೈಕು ಬಿಡದ ಪುಢಾರಿ, ಕೆಟ್ಟ ಮಿಕ್ಸರ್, ಯಾರ ದನಿ ಬೇಕಾದರೂ ತೆಗೆಯುತ್ತೇನೆ. ದನಿ ಬಂದರೆ ಅವರ ಕಸುಬೂ ಬಂದಂತೆ ಎಂದುಕೊಂಡದ್ದೇ ಎಡವಟ್ಟಾಯಿತು.

ನನ್ನ ಸೋದರಮಾವ ಶರಣಪ್ಪ ಫರಸಿ ಮೇಸ್ತ್ರಿ. ಶಹಾಬಾದಿನ ನೆಲಗಲ್ಲಿಗೆ ನಮ್ಮ ಕಡೆ ಫರಸಿ ಅನ್ನುತ್ತೇವೆ. ಸೇಡಂ ತಾಲ್ಲೂಕಿನ ಎಷ್ಟೋ ಮನೆಗಳ ಜನ ಕಾಲಿಡುವುದು ಮಾವ ಹಾಸಿದ ಕಲ್ಲಿನ ಮೇಲೆ. ನಮ್ಮ ತಾಲ್ಲೂಕಿನದೇ ಆದ ಮುಧೋಳದ ಹತ್ತಿರ ಅವನ ಊರು. ಅಲ್ಲಿ ಬುದ್ಧವಿಹಾರ ಕಟ್ಟುತ್ತಿದ್ದರು. ಗೋಡೆ ಎದ್ದಿತ್ತು, ಸ್ಲ್ಯಾಬು ಬಿದ್ದಿತ್ತು, ನೆಲ ಮಾತ್ರ ಬಾಕಿ. ಮಾವ ಊರವರ ಮುಂದೆ ಎದ್ದು ನಿಂತು, "ನೆಲ ನಾ ಹಾಸ್ತೀನಿ. ಕೂಲಿ ಮುಟ್ಟಂಗಿಲ್ಲ, ಬ್ಯಾರೆಯವ್ರ ಕೈ ಹತ್ತಿಸಂಗಿಲ್ಲ. ಬುದ್ಧ ಪೂರ್ಣಿಮಾಕ್ಕ ಎಲ್ಲಾರೂ ಅದರ ಮ್ಯಾಲೇ ಕುಂದ್ರಬೇಕು" ಎಂದು ಮಾತು ಕೊಟ್ಟಿದ್ದ.

ಸಿಮೆಂಟು ಒಯ್ಯಲು ಸೇಡಂಗೆ ಬಂದವನು ನಮ್ಮ ಮನೆಯಲ್ಲಿ ಮಂಚದ ಮೇಲೆ ಬೋರಲು ಬಿದ್ದು, "ಬೆನ್ನು ಜರಾ ನೋಯ್ಲಿಕತ್ತದ" ಅಂದ. ನಾನು ಆಗಷ್ಟೇ ಫೋನಿನಲ್ಲಿ ಬಿಸಿಕಲ್ಲಿನ ಮಾಲೀಸು ನೋಡಿದ್ದೆ. ಯಾವುದೋ ದೊಡ್ಡ ಹೋಟೆಲಿನಲ್ಲಿ ಒಬ್ಬಾಕೆ ಗುಂಡನೆಯ ನುಣುಪು ಕಲ್ಲುಗಳನ್ನು ಬೆನ್ನ ಮೇಲೆ ಸಾಲಾಗಿ ಇಡುತ್ತಿದ್ದಳು. ನುಣುಪು ಕಲ್ಲು ನಾನೆಲ್ಲಿ ತರಲಿ? ಹಿತ್ತಲಲ್ಲಿ ಫರಸಿಯ ತುಂಡುಗಳಿದ್ದವು. ಒಂದನ್ನು ಕಾಯಿಸಿ, ಟವೆಲ್ ಹಾಕಿ ಮಾವನ ಬೆನ್ನ ಮೇಲಿಟ್ಟೆ; ಇನ್ನೊಂದನ್ನು ಗ್ಯಾಸ್ ಮೇಲಿಟ್ಟೆ.

"ಏನ್ ಇಟ್ಟೀಯೋ ಅದು?" ಅಂದ ಮಾವ.

"ರಿಲ್ಯಾಕ್ಸ್ ಸರ್" ಅಂದೆ, ವಿಡಿಯೋದ ಹೆಣ್ಣುಮಗಳ ದನಿಯಲ್ಲಿ.

ಫರಸಿ ಪದರು ಪದರಾದ ಕಲ್ಲು. ಒಳಗೆ ತೇವವಿದ್ದರೆ ಬೆಂಕಿಗೆ ಸಿಡಿಯುತ್ತದೆ. ಇದು ಮಂಚದ ಮೇಲಿದ್ದವನಿಗೆ ಗೊತ್ತಿತ್ತು, ಒಲೆಯ ಮುಂದಿದ್ದವನಿಗೆ ಗೊತ್ತಿರಲಿಲ್ಲ. ಗ್ಯಾಸ್ ಮೇಲಿನ ಕಲ್ಲು ಢಬ್ ಅಂತು. ಚೂರು ಹೋಗಿ ಗೋಡೆಗೆ ಬಡಿಯಿತು. ಮಾವ ಮಂಚದಿಂದ ಹಾರಿದವನು ಅರ್ಧಕ್ಕೇ ನಿಂತುಬಿಟ್ಟ. ನೆಲದಲ್ಲಿ ಏನೋ ಹುಡುಕುವವನಂತೆ ಬಗ್ಗಿದ್ದ. ಅತ್ತ ಏಳಲೊಲ್ಲ, ಇತ್ತ ಕೂಡಲೊಲ್ಲ. ಸೊಂಟ ಹಿಡಿದಿತ್ತು. ಪೂರ್ಣಿಮೆ ಹತ್ತಿರವಾಗಿತ್ತು.

ಸುದ್ದಿ ಕೇಳಿ ಮಾವನ ಹೆಂಡತಿ ನಾಗಮ್ಮತ್ತಿ ಮೊದಲ ಬಸ್ಸಿಗೇ ಬಂದಳು. ನಾನು ಅಷ್ಟರಲ್ಲಿ ಯಾರ್ಯಾರು ಮಾಲೀಸು ಮಾಡುತ್ತಾರೆ ಎಂದು ಹತ್ತು ಕಡೆ ಫೋನು ಹಚ್ಚಿದ್ದೆ. ಅತ್ತಿ ಫೋನು ಕಸಿದುಕೊಂಡಳು. "ಮೊದಲ ಡಾಕ್ಟರ್ ನೋಡ್ಲಿ. ಏನ್ ಆಗ್ಯಾದ ಅಂಬೋದೇ ಗೊತ್ತಿಲ್ಲ, ತಿಕ್ಕಲಿಕ್ಕ ಹೊಂಟಾನ!" ಅವಳ ತವರು ಚಿತ್ತಾಪುರ, ಅಲ್ಲೊಬ್ಬರು ಎಲುಬಿನ ಡಾಕ್ಟರು ಗೊತ್ತು. ಮರುದಿನ ಬೆಳಗಿನ ಪ್ಯಾಸೆಂಜರ್ ಹತ್ತಿದೆವು. ಬೆಳಿಗ್ಗೆಯೇ ಕಿಟಕಿಯ ಸರಳು ಸುಡುತ್ತಿತ್ತು. ಬಗ್ಗಿ ನಿಂತ ಮಾವನನ್ನು ನೋಡಿ ಒಬ್ಬ ಮುದುಕ ತನ್ನ ಚೀಲ ಎತ್ತಿಕೊಂಡು, "ಏನ್ ಬಿದ್ದದಪಾ, ನಾನೂ ಹುಡುಕ್ತೀನಿ" ಅಂದ. ನನಗೆ ನಗು ತಡೆಯಲಿಲ್ಲ. ಮಾವನೂ ನಕ್ಕ, ನಕ್ಕು "ಅಯ್ಯಯ್ಯಪ್ಪಾ" ಅಂದ.

ಚಿತ್ತಾಪುರದ ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು, ಮಾತು ಬಹಳ ಚುರುಕು. "ಕಾಲು ಜೋಮು ಹಿಡಿದಾವೇನ್ರಿ? ಕಾಲಿನ ಶಕ್ತಿ ಕಡಿಮಿ ಆಗ್ಯಾದೇನು? ಜ್ವರ? ಒಂದಾ-ಎರಡಾ ಹಿಡಿತದಾಗ ಅದಾವಿಲ್ಲ?" ಕೊನೆಯ ಪ್ರಶ್ನೆಗೆ ಮಾವ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ. "ಎಲ್ಲಾ ಬರೋಬ್ಬರಿ ಅದಾವ್ರೀ ಮೇಡಂ" ಎಂದು ಉತ್ತರ ಕೊಟ್ಟದ್ದು ಅತ್ತಿ. ಮಲಗಿಸಿ ಒಂದೊಂದೇ ಕಾಲು ಎತ್ತಿ ನೋಡಿದರು, ಕಾಲಿನ ಹೆಬ್ಬೆರಳಿನಿಂದ ತಮ್ಮ ಅಂಗೈ ಒತ್ತಿಸಿಕೊಂಡರು.

"ಸ್ನಾಯು ಹಿಡಿದದ, ಅಷ್ಟೇ. ಜೋಮು, ಹಿಡಿತ ತಪ್ಪೋದು, ಅಂಥಾದ್ದು ಏನರೆ ಇದ್ದಿದ್ರ ಮಾಲೀಸಿನ ಮಾತೇ ಬ್ಯಾಡ, ಸೀದಾ ದೊಡ್ಡ ದವಾಖಾನಿಗೇ ಹೋಗಬೇಕಾಗ್ತಿತ್ತು" ಅಂದರು. "ಹಗುರ ಮಾಲೀಸು ಮಾಡಿಸ್ರಿ, ನಡೀತದ. ಎಲುಬಿನ ಮ್ಯಾಲ ಒತ್ತಬಾರದು, ಎರಡೂ ಬಾಜೂಕ ಒತ್ತಬೇಕು. ಲಟಕಿ ಮುರಿಯೋರ ಕೈಯಾಗ ಬೆನ್ನು ಕೊಡಬ್ಯಾಡ್ರಿ. ನಿಮಗ ಸಕ್ಕರಿ ಕಾಯಿಲೆ ಅದ ಅಂದ್ರಿ, ಕಾಲಿಗೆ ಬಿಸಿ ಎಷ್ಟದ ಅಂಬೋದು ತಿಳಿಯಂಗಿಲ್ಲ, ಶಾಖದ ಹಂತ್ಯಾಕ ಹುಷಾರ್. ಮಲಗೇ ಇರಬ್ಯಾಡ್ರಿ, ಅಡ್ಡಾಡ್ರಿ. ಭಾರ ಮಾತ್ರ ನಾ ಹೇಳೋತನ ಎತ್ತಂಗಿಲ್ಲ."

ಮಾವನಿಗೆ ಕೇಳಿಸಿದ್ದು 'ನಡೀತದ' ಅನ್ನುವ ಒಂದೇ ಮಾತು. ನಾನು ಮೆಲ್ಲಗೆ, "ಮಾಲೀಸು ನಾನೇ ಮಾಡ್ಲೇನ್ರಿ?" ಅಂದೆ.

"ಇವನ ಕೈಯಾಗ ಚಾದ ಕಪ್ಪೂ ಕೊಡಬ್ಯಾಡ್ರಿ ಮೇಡಂ" ಅಂದಳು ಅತ್ತಿ.

ಆ ರಾತ್ರಿ ಅವಳ ತವರಿನಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ. ಮಾವ ಗೋಡೆಗೊರಗಿ ನಿಂತೇ ಉಂಡ.

ಮಾವನ ಹಳೆಯ ಗೆಳೆಯ ಕರೀಂ ಉಸ್ತಾದರು ಶಹಾಬಾದಿನಲ್ಲಿ ತಾಲೀಮು, ಅಂದರೆ ಕುಸ್ತಿಯ ಗರಡಿ, ನಡೆಸಿದವರು, ಪೈಲ್ವಾನರ ಮೈ ತಿಕ್ಕಿ ತಿಕ್ಕಿ ಹೆಸರು ಮಾಡಿದವರು. ಅವರಲ್ಲಿಗೆ ಹೋಗುವುದೆಂದಾಯಿತು. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕು. ವಾಡಿಯಲ್ಲಿ ಗಾಡಿ ಕಾಯುವುದೇ ಒಂದು ಕಸುಬು. ಅಲ್ಲಿಯ ಜನ ಅದನ್ನು ಚಾ ಕುಡಿಯುತ್ತ ಶ್ರದ್ಧೆಯಿಂದ ಮಾಡುತ್ತಾರೆ. ನಾನು ಸ್ಟೇಷನ್ ಹೊರಗಿನ ಕಟಿಂಗ್ ಅಂಗಡಿಯಲ್ಲಿ ಚಂಪಿಗೆ, ಅಂದರೆ ತಲೆಯ ಮಾಲೀಸಿಗೆ, ಕೂತೆ. ಅತ್ತಿ, ಮಾವ ಬಾಗಿಲ ಬೆಂಚಿನಲ್ಲಿದ್ದರು.

ಆ ಅಂಗಡಿಯವನ ಕೈಯ ಸುಖ ಹೇಗೆ ಹೇಳಲಿ? ಎಣ್ಣೆ ನಾಲ್ಕೇ ಹನಿ. ಬೆರಳು ನೆತ್ತಿಯಿಂದ ಇಳಿದು ಕಿವಿಯ ಹಿಂದೆ ಸುತ್ತು ಹಾಕಿ ಕುತ್ತಿಗೆಯ ಬುಡಕ್ಕೆ ಬರುವಷ್ಟರಲ್ಲಿ, ನಾನು ಯಾರ್ಯಾರ ದನಿ ತೆಗೆಯುತ್ತೇನೋ ಅವರೆಲ್ಲ ನನ್ನ ತಲೆ ಬಿಟ್ಟು ಹೊರಗೆ ಹೋದಂತೆ ಮೌನ. ಗಲ್ಲಕ್ಕೆ ಕೈ ಬಂದದ್ದೇ ತಡ, ಅತ್ತಿ ಬೆಂಚಿನಿಂದ ಕೂಗಿದಳು: "ಏ ಅಣ್ಣಾ! ಕುತ್ತಿಗಿ ತಿರುವಬ್ಯಾಡ!"

"ಗಡ್ಡ ನೋಡ್ಲಿಕತ್ತೀನಿ ಅಕ್ಕಾ, ಗಾಬರಿ ಆಗಬ್ಯಾಡ್ರಿ" ಎಂದು ಆತ ನಕ್ಕ. "ಲಟ್ ಅನಿಸೋದು ನಮ್ಮ ಅಪ್ಪ ಮಾಡ್ತಿದ್ದ. ನಾ ಬಿಟ್ಟೀನಿ. ಕುತ್ತಿಗ್ಯಾಗಿಂದ ರಗತದ ನಳಿಗಿ ಮ್ಯಾಲ ಮಿದುಳಿಗೆ ಹೋಗ್ಯಾವ. ಅದಕ್ಕ ಏನರೆ ಆದ್ರ ಗಿರಾಕಿ ಎದ್ದು ಹೋಗಂಗಿಲ್ಲ, ಹೊತ್ಕೊಂಡು ಹೋಗಬೇಕಾಗ್ತದ."

ಇಂಥ ಮಾತಿಗೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ತಲೆ ತುಸು ವಾಲಿಸಿ ಬಾಯೊಳಗೇ 'ಲಟ್' ಎಂದು ಸಪ್ಪಳ ತೆಗೆದೆ. ಆತನ ಕೈಯ ಬಾಚಣಿಗೆ ಕೆಳಗೆ ಬಿತ್ತು. ಅತ್ತಿ ಎದೆ ಹಿಡಿದುಕೊಂಡಳು. ಆಮೇಲೆ ನನ್ನ ಬೆನ್ನಿಗೆ ಬಿದ್ದದ್ದು ಯಾವ ಬಗೆಯ ಮಾಲೀಸೆಂದು ಯಾವ ವಿಡಿಯೋದಲ್ಲೂ ತೋರಿಸಿಲ್ಲ.

ಶಹಾಬಾದಿನಲ್ಲಿ ಇಳಿದಾಗ ಮಾವನ ಮುಖ ಅರಳಿತು. ಎಲ್ಲಿ ನೋಡಿದರೂ ಫರಸಿ: ಗೋಡೆ, ಕಟ್ಟೆ, ಗಟಾರದ ಮುಚ್ಚಳ, ಹೋಟೆಲಿನ ಟೇಬಲ್ಲು. ಬಗ್ಗಿಕೊಂಡೇ ನಡೆಯುತ್ತಿದ್ದವನು ನೆಲವನ್ನು ನೋಡುವುದು ಸಹಜವೇ. "ಇದು ಯಾವನೋ ಗಡಬಡಿಯೊಳಗ ಹಾಸ್ಯಾನ" ಎಂದು ಹೆಜ್ಜೆಗೊಬ್ಬ ಮೇಸ್ತ್ರಿಯನ್ನು ಬೈಯುತ್ತ ಬಂದ.

ಉಸ್ತಾದರು ವಯಸ್ಸಾದವರು, ಅಂಗೈ ಮಾತ್ರ ಸಲಿಕೆಯಷ್ಟು ಅಗಲ. ಕಥೆ ಕೇಳಿ ನನ್ನನ್ನೇ ಮೊದಲು ಚಾಪೆಯ ಮೇಲೆ ಮಲಗಿಸಿದರು. "ಆವೋ ಬೇಟಾ, ಪೈಲ್ವಾನರ ಮಾಲೀಸು ಅಂದ್ರ ಏನಂತ ತಿಳ್ಕೋ." ತೊಡೆಯ ಹಿಂಭಾಗಕ್ಕೆ ಮೊಣಕೈ ಇಳಿಸಿದರು. ತಹಶೀಲ್ದಾರರ ದನಿಯಲ್ಲಿ ಶುರುವಾದ ನನ್ನ ಕೂಗು ಆಡಿನ ಮರಿಯ ದನಿಯಲ್ಲಿ ಮುಗಿಯಿತು. ಎದ್ದು ನಡೆದರೆ ಕಾಲು ನನ್ನದಲ್ಲವೇನೋ ಎನ್ನುವಷ್ಟು ಹಗುರ!

"ನಂಗೂ ಹಂಗೇ ಮಾಡು ಕರೀಂ. ಜೋರಾಗಿ ಒತ್ತು. ಒಂದೇ ದಿನದಾಗ ನೆಟ್ಟಗಾಗಬೇಕು" ಅಂದ ಮಾವ.

"ಇವ ಕುಸ್ತಿ ಆಡೋ ವಯಸ್ಸಿನವ. ನಿಂದು ಹಿಡಿದ ಸೊಂಟ" ಅಂದರು ಉಸ್ತಾದರು. "ಬಾವು ಬಂದಿದ್ದು, ಮುಟ್ಟಿದ್ರ ಬಿಸಿ ಇದ್ದಿದ್ದು, ಮುರಿದಿದ್ದು ನಾ ಮುಟ್ಟಂಗಿಲ್ಲ. ಹಿಡಿದಿದ್ದರ ಮ್ಯಾಲ ಜೋರ್ ಮಾಡಂಗಿಲ್ಲ." ಮಾವನನ್ನು ಮುಖ ಪಕ್ಕಕ್ಕೆ ತಿರುಗಿಸಿ ಬೋರಲು ಮಲಗಿಸಿ, ಬೆನ್ನೆಲುಬಿನ ಎರಡೂ ಬದಿಗೆ ಹೆಬ್ಬೆರಳು ಇಟ್ಟು, ಸುಮ್ಮನೆ ಭಾರ ಬಿಟ್ಟು ಕಾದರು. ಅವರ ಕಣ್ಣು ಬೆನ್ನಿನ ಮೇಲಿರಲಿಲ್ಲ, ಮಾವನ ಮೂಗಿನ ಮೇಲಿತ್ತು. "ಉಸಿರು ಹಿಡಿದ್ರು ಅಂದ್ರ ಒತ್ತಿದ್ದು ಜಾಸ್ತಿ ಆಗ್ಯಾದ ಅಂತ. ಮಂದಿ ಮರ್ಯಾದಿಗೆ 'ನೋವಿಲ್ಲ' ಅಂತಾರ. ಉಸಿರು ಸುಳ್ಳು ಹೇಳಂಗಿಲ್ಲ." ಮಾವ ಉಸಿರು ಬಿಟ್ಟಾಗ ಬೆರಳು ಸ್ವಲ್ಪ ಕೆಳಗೆ ಸರಿಯುತ್ತಿತ್ತು. ನಾನು ಎಷ್ಟೋ ಜನರನ್ನು ಕಿವಿಯಿಂದ ಕದ್ದಿದ್ದೇನೆ. ಈ ಮನುಷ್ಯ ಕಣ್ಣಿನಿಂದ ನೋವು ಕೇಳಿಸಿಕೊಳ್ಳುತ್ತಿದ್ದರು. ಬಹಳ ಹೊತ್ತಿನ ಮೇಲೆ ಮಾವ ಎದ್ದ, ಮುಕ್ಕಾಲು ನೆಟ್ಟಗೆ.

ವಾಪಸು ಬಸ್ಸಿನಲ್ಲಿ ಬಂದೆವು. ಅತ್ತಿ ಆಧಾರ್ ತೋರಿಸಿ ಪುಕ್ಕಟೆ ಕೂತಳು, ನಾವಿಬ್ಬರು ದುಡ್ಡು ಕೊಟ್ಟು ನಿಂತೆವು. "ಸೊಂಟ ಹಿಡಿದವರಿಗೆ ಸೀಟರೆ ಬಿಡ್ರಿ" ಎಂದು ಕಂಡಕ್ಟರನಿಗೆ ಅವನದೇ ದನಿಯಲ್ಲಿ ಹೇಳಿದೆ. ಆತ ತಿರುಗಿ ನೋಡಿ, ಅನುಮಾನದಿಂದ ತನ್ನ ಗಂಟಲು ಮುಟ್ಟಿಕೊಂಡ. ಸೀಟು ಸಿಕ್ಕಿತು.

ಕೆಲವು ದಿನ ಬಿಟ್ಟು ಚಿಂಚೋಳಿಗೆ ಹೋದೆವು. ಅಲ್ಲಿಗೇ ಹತ್ತಿಕೊಂಡಿರುವ ಚಂದಾಪುರದಲ್ಲಿ ಎಣ್ಣೆ ಮಾಲೀಸು ಮಾಡುವ ಆಯುರ್ವೇದದ ಜಾಗ ಇದೆಯೆಂದು ಕೇಳಿದ್ದೆ. ಹೋಗುವ ಮುಂಚೆ ಅತ್ತಿ ಚಿತ್ತಾಪುರಕ್ಕೆ ಫೋನು ಮಾಡಿ ಡಾಕ್ಟರನ್ನು ಕೇಳಿಯೇ ಬಿಟ್ಟಳು. ಸೇಡಂ ದಾಟಿ ಸುಲೇಪೇಟದ ಆಚೆ ಬಯಲು ಮೆಲ್ಲಗೆ ಗುಡ್ಡವಾಗುತ್ತದೆ, ಬಸ್ಸಿನೊಳಗೆ ಕನ್ನಡಕ್ಕೆ ತೆಲುಗಿನ ಒಗ್ಗರಣೆ ಬೀಳುತ್ತದೆ. ನಾನು ಇಳಿಯುವಷ್ಟರಲ್ಲಿ ಇಬ್ಬರ ತೆಲುಗು ಕಲಿತಿದ್ದೆ, ಅರ್ಥ ಮಾತ್ರ ಗೊತ್ತಿರಲಿಲ್ಲ.

ಮಾವನನ್ನು ನರಸಪ್ಪ ಎಂಬುವವರು ಒಳಗೆ ಕರೆದರು. "ಉಂಡು ಎಷ್ಟೊತ್ತಾಯ್ತು? ಬಿಪಿ, ಸಕ್ಕರಿ ಅದಾವೇನು? ಎಣ್ಣಿ ಮೈಗೆ ಒಗ್ತದಿಲ್ಲೋ?" ಎಂದು ಕೇಳಿ, ಮುಂಗೈಗೆ ಎರಡು ಹನಿ ಹಚ್ಚಿ ಚರ್ಮ ಕೆಂಪಾಗುತ್ತದೆಯೇ ಎಂದು ಕಾದರು. ಸಕ್ಕರೆ ಕಾಯಿಲೆ ಎಂದ ಕೂಡಲೇ ಎಣ್ಣೆಯ ಬಟ್ಟಲನ್ನು ಬಿಸಿನೀರಿನಿಂದ ತೆಗೆದು ಆರಲು ಇಟ್ಟರು. ಆವಿಯ ಪೆಟ್ಟಿಗೆಯ ಬಾಗಿಲು ತೆರೆಯಲೇ ಇಲ್ಲ. ಎರಡೂ ಕೈ ಒಂದೇ ಲಯದಲ್ಲಿ ಮೇಲೆ ಹೋಗುತ್ತಿದ್ದವು, ಕೆಳಗೆ ಬರುತ್ತಿದ್ದವು. ಒತ್ತುವುದಕ್ಕಿಂತ ಸವರುವುದೇ ಹೆಚ್ಚು. ಮಾವ ನಿದ್ದೆ ಹೋಗಿ ಕಲ್ಲಿನ ಕ್ರಷರಿನಂತೆ ಗೊರಕೆ ಹೊಡೆದ. ಆ ಗೊರಕೆ ಕಲಿಯಲು ನಾನಿನ್ನೂ ಹೆಣಗುತ್ತಿದ್ದೇನೆ.

ಹೆಂಗಸರ ಕೋಣೆಯಿಂದ ಅತ್ತಿ ಬೇಗ ಹೊರಬಂದಳು. ಅವಳ ಮೀನಖಂಡದಲ್ಲಿ ನರಗಳು ಹುರಿಯಂತೆ ಉಬ್ಬಿವೆ. "ಇದರ ಮ್ಯಾಲ ತಿಕ್ಕಂಗಿಲ್ಲವ್ವಾ" ಎಂದು ಅಲ್ಲಿಯ ಅಕ್ಕ ಭುಜ, ಕೈ ಮಾತ್ರ ನೀವಿ ಕಳಿಸಿದ್ದರು. "ಒಂದೇ ಕಾಲು ಒಮ್ಮಿಗೇ ಬಾತು, ಬಿಸಿ ಆಗಿ ನೋವು ಬಂತಂದ್ರ ಎಣ್ಣಿ ಮುಟ್ಟಬ್ಯಾಡ, ಡಾಕ್ಟರ್ ಕಡಿ ಓಡು. ಒಳಗ ರಗತ ಹೆಪ್ಪುಗಟ್ಟಿದ್ರ ತಿಕ್ಕಿದಾಗ ಸರಿದು ಎದಿಗೆ ಹೋಗ್ತದ" ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಮಾಡುವುದು ಬಲ್ಲ ಕೈಗಳನ್ನು ನಾನು ಮೊದಲೂ ಕಂಡಿದ್ದೆ. ಎಲ್ಲಿ ಮಾಡಬಾರದೆಂದು ಹಿಂದೆ ಸರಿಯುವ ಕೈಗಳನ್ನು ಇಷ್ಟೊಂದು ಒಟ್ಟಿಗೆ ಕಂಡದ್ದು ಈ ಪ್ರವಾಸದಲ್ಲೇ.

ಅಲ್ಲಿಂದ ಮಾವನ ಊರಿಗೆ ಬಂದೆವು. ಮಾವ ನೆಟ್ಟಗಾಗಿದ್ದ, ಬಗ್ಗುತ್ತಿದ್ದ, ಏಳುತ್ತಿದ್ದ. ಆದರೆ ಭಾರ ಎತ್ತಲು ಡಾಕ್ಟರು ಇನ್ನೂ ಹೂಂ ಅಂದಿರಲಿಲ್ಲ. ಪೂರ್ಣಿಮೆಗೆ ಉಳಿದದ್ದು ವಾರಕ್ಕಿಂತ ಕಡಿಮೆ. ಬೆಳಿಗ್ಗೆ ನೋಡಿದರೆ ಮಂಚದಲ್ಲಿ ಮಾವ ಇಲ್ಲ. ಅತ್ತಿ, ನಾನು ವಿಹಾರಕ್ಕೆ ಓಡಿದೆವು. ಒಳಗೆ ಮರಳು ಹರಡಿ ಮಟ್ಟ ಮಾಡಿ, ದಾರ ಕಟ್ಟಿ, ದೊಡ್ಡದೊಂದು ಫರಸಿಯ ಅಂಚಿಗೆ ಎರಡೂ ಕೈ ಹಾಕಿ ನಿಂತಿದ್ದ.

"ಮಾವ, ಬಿಡು. ಹುಡುಗ್ರು ಎತ್ತಿ ಇಡ್ತೀವಿ, ನೀ ಬಾಯಿಲೆ ಹೇಳು" ಅಂದೆ.

"ನೀ ಇಟ್ಟ ಕಲ್ಲು ನೋಡೀನಿ, ಸುಮ್ಮನಿರು" ಅಂದ.

ಅತ್ತಿ ಹೇಳಿದಳು, "ಹುಣ್ಣಿಮಿಗೆ ಚಾಪಿ ಹಾಸಿದ್ರಾಯ್ತು. ಫರಸಿ ಮುಂದಿನ ತಿಂಗಳ ನೀವೇ ಹಾಸ್ರಿ."

ಮಾವನ ದನಿ ಒಡೆಯಿತು. ಆ ದನಿಯನ್ನು ನಾನು ಯಾವತ್ತೂ ತೆಗೆಯುವುದಿಲ್ಲ. "ಊರ ಮುಂದ ಮಾತು ಕೊಟ್ಟೀನಿ ನಾಗಮ್ಮಾ. ಇಷ್ಟು ವರ್ಷ ಮಂದಿ ಮನಿಗಳಿಗೆ ಹಾಸೀನಿ, ಹಾಸಿದ ಮ್ಯಾಲ ಒಳಗ ಕರೀಲಾರದವ್ರಿಗೂ ಹಾಸೀನಿ. ಇದೊಂದು ನಮ್ಮದು. ಬುದ್ಧರ ಕೆಲಸ ತಡ ಆಗಬಾರದು."

ಹುಣ್ಣಿಮೆ ಆ ಸಲ ಚಾಪೆಯ ಮೇಲೇ ಆಯಿತು. ಮುಂದಿನ ತಿಂಗಳು ಡಾಕ್ಟರು ಹೂಂ ಅಂದ ಮೇಲೆ ಮಾವ ತನ್ನ ಕೈಯಿಂದಲೇ ಇಡೀ ನೆಲ ಹಾಸಿದ, ಒಂದು ಸಂದಿಯೂ ಡೊಂಕಿಲ್ಲದಂತೆ. ಆದರೆ ಆ ಬೆಳಿಗ್ಗೆ ಅವನ ಕೈ ಕಲ್ಲಿನಿಂದ ಬಿಡಿಸಿದ್ದು ಅತ್ತಿಯ ಮಾತು. ಮೂಲೆಯಲ್ಲಿ, ಹಿಂದಿನ ದಿನವಷ್ಟೇ ಬಂದಿಳಿದ ಬುದ್ಧನ ಮೂರ್ತಿ ಭುಜದವರೆಗೂ ಗೋಣಿತಟ್ಟು ಸುತ್ತಿಕೊಂಡು ಹಲಗೆಯ ಮೇಲಿತ್ತು. ಅತ್ತಿ ಅದರತ್ತ ಕೈ ಮಾಡಿ ಹೇಳಿದಳು:

"ಅವರೇ ಆರಾಮ ಕುಂತಾರ, ನೋಡ್ರಿ. ಅವರಿಗಿಲ್ಲದ ಅವಸರ ನಿಮಗ್ಯಾಕ? ಕುಂದ್ರಿ."